ಹೆಜ್ಜೆಗೆ ಹೆಜ್ಜೆಯೇ ಜಾಮೀನು

“ಮೊದ್ಲ ನಿನ್ನ ಕಾಲು ಇಡವಾ ತಂಗಿ, ಆಮ್ಯಾಲ ನಾ ಇಡ್ತೀನಿ” ಎಂದು ನಮ್ಮತ್ತೆ ಸೊಂಟದ ಮೇಲೆ ಕೈಯಿಟ್ಟು ನಿಂತುಬಿಟ್ಟರು.

ಮಾನ್ವಿಯ ನಮ್ಮ ಓಣಿಗೆ ಹಸಿಮಣ್ಣು ಹರಡಿದ ಹಲಗೆಗಳನ್ನು ತಂದಿದ್ದ ಆ ಹುಡುಗಿ ರಾಯಚೂರಿನ ಶಿಲ್ಪಿ. ಭತ್ತ ನಾಟಿ ಮಾಡುವ ಹೆಂಗಸರು ಅದರ ಮೇಲೆ ಹೆಜ್ಜೆ ಮೂಡಿಸಬೇಕು, ಅವನ್ನು ಸುಟ್ಟು ರಾಯಚೂರಿನಲ್ಲಿ ನೆಲದ ತುಂಬ ಜೋಡಿಸಿ ಪ್ರದರ್ಶನ ಮಾಡುತ್ತೇನೆ ಎಂದಳು. ಒಬ್ಬರೂ ಮುಂದೆ ಬರಲಿಲ್ಲ. ನಮ್ಮ ಕಡೆ ಮಾಟ ಮಾಡಿಸುವವರು ಹುಡುಕುವುದೇ ಕಾಲಡಿಯ ಮಣ್ಣನ್ನು. ಅದನ್ನು ಬೆಂಕಿಗೆ ಬೇರೆ ಹಾಕುತ್ತೇನೆಂದರೆ ಯಾರು ಕಾಲು ಕೊಡುತ್ತಾರೆ? ನನಗೂ ಒಳಗೊಳಗೇ ಅಳುಕಿತ್ತು.

ಹುಡುಗಿ ನಗಲಿಲ್ಲ. ಚಪ್ಪಲಿ ಬಿಟ್ಟು ಮಣ್ಣಿನ ಮೇಲೆ ನಿಂತಳು. ಅತ್ತೆ ಆ ಹೆಜ್ಜೆಯನ್ನು ಹಲಗೆ ಸಮೇತ ಎತ್ತಿ ನನ್ನ ಕೈಗೆ ಕೊಟ್ಟರು. “ಇದು ನಮ್ಮ ಮನ್ಯಾಗ ಇರ್ತದ. ನನಗೇನರ ಆತಂದ್ರ ನಿನ್ನ ಹೆಜ್ಜಿ ನನ್ನ ಕೈಯಾಗ ಅದ, ನೆನಪಿಟ್ಕೋ” ಎಂದು ಇನ್ನೊಂದು ಹಲಗೆಯ ಮೇಲೆ ಕಾಲಿಟ್ಟರು. ಆಮೇಲೆ ಬಂದ ಹೆಂಗಸರೆಲ್ಲ ಮೊದಲು ಅವಳ ಹೆಜ್ಜೆಯನ್ನೇ ಕೇಳಿದರು. ಅವಳು ಒಬ್ಬೊಬ್ಬರಿಗೂ ಕೊಟ್ಟಳು.

ಪ್ರದರ್ಶನ ಮುಗಿದು ಬಹಳ ದಿನವಾಯಿತು. ಅವಳ ಹೆಜ್ಜೆ ಈಗಲೂ ನಮ್ಮ ಅಟ್ಟದ ಮೇಲಿದೆ. ಮೊಣಕಾಲು ನೋಯಲು ಶುರುವಾದಾಗಲೆಲ್ಲ ಅತ್ತೆ ಅದನ್ನು ನನ್ನಿಂದ ಕೆಳಗಿಳಿಸಿಕೊಂಡು ದಿಟ್ಟಿಸುತ್ತಾರೆ. ಗುಮಾನಿ ಇನ್ನೂ ಹೋಗಿಲ್ಲ. ಆದರೂ ಬಿರುಕು ಬಿಡದಂತೆ ತಮ್ಮ ಹಳೆಯ ಸೀರೆಯಲ್ಲಿ ಸುತ್ತಿಯೇ ಮರಳಿ ಕೊಡುತ್ತಾರೆ.