ಸೂಜಿಮದ್ದಿನ ಮೂರು ತಿಂಗಳು

ಐವತ್ತರ ದಶಕ ಆಗತಾನೇ ಶುರುವಾಗಿತ್ತು. ಸಿರುಗುಪ್ಪದ ಗಂಡನ ಮನೆಯಲ್ಲಿ ಚೊಚ್ಚಲ ಬಸುರಿಗೆ ಆರು ತಿಂಗಳು ತುಂಬುವಾಗ ನನ್ನ ಎಡಗಾಲು ಊದಿಕೊಂಡಿತು. ಅತ್ತೆ ಎಳ್ಳೆಣ್ಣೆ ಬಿಸಿ ಮಾಡಿ ತಿಕ್ಕಿದರು. ಎರಡು ದಿನವಾದರೂ ಊತ ಇಳಿಯದಾಗ ಅವರೇ ನನ್ನನ್ನು ಬಸ್ಸು ಹತ್ತಿಸಿ ಬಳ್ಳಾರಿಗೆ ಕರೆತಂದರು.

ಮದರಾಸಿನಲ್ಲಿ ಓದಿದ್ದ ಡಾಕ್ಟರಮ್ಮ ಕಾಲು ಮುಟ್ಟಿ ನೋಡಿ, "ಎಣ್ಣಿ ತಿಕ್ಕಿದವರು ಯಾರು?" ಎಂದರು.

"ನಾನೇ ರೀ," ಎಂದರು ಅತ್ತೆ.

"ಇನ್ನ ತಿಕ್ಕಬ್ಯಾಡ್ರಿ. ಕಾಲಿನಾಗ ರಕ್ತ ಹೆಪ್ಪುಗಟ್ಟೈತಿ. ಅದು ಎದಿಗೆ ಹೋದ್ರ ತಾಯಿ ಉಳಿಯೋದು ಕಷ್ಟ."

ರಕ್ತ ತೆಳುವಾಗಿಸುವ ಸೂಜಿಮದ್ದು ಮದರಾಸಿನಿಂದ ರೈಲಿನಲ್ಲಿ ಬಂತು. ಹೆರಿಗೆಯವರೆಗೂ ದಿನಕ್ಕೆರಡು ಸಲ ಚುಚ್ಚಬೇಕಿತ್ತು. ಅತ್ತೆ ಬಳ್ಳಾರಿಯ ಕಂಟೋನ್ಮೆಂಟಿನಲ್ಲೇ ಒಂದು ಕೋಣೆ ಹಿಡಿದು ನನ್ನ ಜೊತೆಗೇ ಉಳಿದರು. ನರ್ಸಮ್ಮ ಅಲ್ಲಿಗೇ ಬರುತ್ತಿದ್ದಳು. ನನ್ನ ತೊಡೆಯೆಲ್ಲ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತ್ತು.

ಈಗ ಆ ಸೂಜಿಗಿಂತ ಆ ಕೋಣೆಯೇ ಹೆಚ್ಚು ನೆನಪಾಗುತ್ತದೆ. ಕಾಲು ಎತ್ತರದಲ್ಲಿರಬೇಕಿತ್ತು. ದಿಂಬು ಜಾರುತ್ತದೆಂದು ಅತ್ತೆ ನನ್ನ ಕಾಲನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದರು. ಊರಲ್ಲಿ ಅವರೆದುರು ನಾನು ತಲೆಯೆತ್ತಿ ಮಾತಾಡಿದವಳೇ ಅಲ್ಲ.

"ಬ್ಯಾಡ್ರಿ ಅತ್ತಿ, ಪಾಪ ಬರತೈತಿ."

"ಬಂದ್ರ ನನಗ ಬರ್ಲಿ. ನೀ ಸುಮ್ಕ ಮಲಗವ್ವ."

ಹಾಗೆ ಕೂತೇ ಅವರು ತಮ್ಮ ತವರು ಕೆಂಚನಗುಡ್ಡದ ಕಥೆ ಹೇಳಿದರು. ಚಿಕ್ಕವರಿದ್ದಾಗ ತುಂಗಭದ್ರೆಯನ್ನು ಈಜಿ ದಾಟಿದ್ದರಂತೆ. ಅದು ಮಾವನಿಗೂ ಗೊತ್ತಿರಲಿಲ್ಲ.

ಹೆಣ್ಣು ಕೂಸು ಹುಟ್ಟಿತು. ಬಾಣಂತನಕ್ಕೆ ತವರು ಕುರುಗೋಡಿಗೆ ಹೋದೆ. ಒಂದು ದಿನ ತೊಟ್ಟಿಲಿಂದ ಕೂಸನ್ನು ಎತ್ತುವಾಗ ಬೆನ್ನಲ್ಲಿ ಚಳಕ್ಕೆಂದು ನೋವು ಹೊಡೆದು ಅಲ್ಲೇ ಕುಸಿದೆ. ಬಳ್ಳಾರಿಯಲ್ಲಿ ಎಕ್ಸ್‌ರೇ ತೆಗೆದರು. ಬೆನ್ನುಮೂಳೆಯ ಒಂದು ಮಣಿ ಕುಸಿದಿತ್ತು.

"ಎಲುಬು ಸೊರಗ್ಯಾವ. ಯಾಕಂತ ನನಗೂ ತಿಳೀವಲ್ದು," ಎಂದರು ಡಾಕ್ಟರಮ್ಮ.

ಸುದ್ದಿ ಕೇಳಿ ಅತ್ತೆ ಬೀಗರ ಮನೆಗೇ ಬಂದು ಇದ್ದುಬಿಟ್ಟರು. ಅವ್ವ ಹಾಲು, ರಾಗಿಗಂಜಿ ಕೊಡುತ್ತಿದ್ದಳು. ಅತ್ತೆ ಎಳೆಬಿಸಿಲಿಗೆ ನನ್ನನ್ನು ಕೂರಿಸಿ, ಹಾಲೂಡಿಸಲು ಕೂಸನ್ನು ಮಡಿಲಿಗಿಟ್ಟು, ಮತ್ತೆ ತಾವೇ ಎತ್ತಿಕೊಳ್ಳುತ್ತಿದ್ದರು. ಆರು ತಿಂಗಳು ನಾನು ಒಂದು ಚೊಂಬು ನೀರನ್ನೂ ಎತ್ತಲಿಲ್ಲ. ನೋವು ಮೆಲ್ಲಗೆ ಹೋಯಿತು. ಎತ್ತರ ಮಾತ್ರ ಒಂದು ಬೆರಳು ತಗ್ಗಿತು.

ಎಷ್ಟೋ ವರ್ಷದ ಮೇಲೆ ಬೇರೊಬ್ಬ ಡಾಕ್ಟರು, ರಕ್ತ ತೆಳುವಾಗಿಸುವ ಆ ಸೂಜಿಮದ್ದನ್ನು ತಿಂಗಳುಗಟ್ಟಲೆ ತೆಗೆದುಕೊಂಡರೆ ಎಲುಬು ಸೊರಗುವುದುಂಟು ಎಂದರು. ಮನೆಗೆ ಬಂದು ಅತ್ತೆಗೆ ಹೇಳಿದೆ.

"ಆವಾಗ ಗೊತ್ತಿದ್ರೂ ನಾ ಚುಚ್ಚಿಸ್ತಿದ್ನೆವ್ವ," ಎಂದರು. "ಎಲುಬು ಹೆಂಗರ ಸರಿ ಮಾಡಬಹುದಿತ್ತು. ನಿನ್ನ ಎಲ್ಲಿಂದ ತರ್ಲಿ?"