ಸಂಬಳವಿಲ್ಲದ ಚಾಂಪಿಯನ್

ಶನಿವಾರ ಬೆಳಿಗ್ಗೆ ಪಕ್ಕದ ಮನೆಯವರು ಹುಲ್ಲು ಕತ್ತರಿಸಲು ಶುರುಮಾಡಿದರೆ ಸಾಕು, ಆ ಹಸಿ ವಾಸನೆಗೆ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಹುಲ್ಲಿಗೂ ಬೆನ್ನಿಗೂ ಏನಪ್ಪಾ ಸಂಬಂಧ ಎನ್ನುತ್ತೀರಾ? ಅದಕ್ಕೆ ಎಡ್ನಾ ಅಜ್ಜಿಯ ವಿಷಯ ಹೇಳಬೇಕು.

ಆಗ ನಾವು ಡಾಲಸ್ ಹತ್ತಿರದ ಮರ್ಫಿಯಲ್ಲಿದ್ದೆವು. ಟೆಲಿಕಾಂ ಕಂಪನಿಗಳು ಜನರನ್ನು ಗುಂಪುಗುಂಪಾಗಿ ಮನೆಗೆ ಕಳಿಸುತ್ತಿದ್ದ ಕಾಲ. ನಮ್ಮ ತಂಡದಿಂದಲೂ ಒಬ್ಬರು ಹೋಗಬೇಕಿತ್ತು. ನಮ್ಮ ಮ್ಯಾನೇಜರು ಬಹಳ ದಯಾಳು. ಇಂಥ ಕಠಿಣ ನಿರ್ಧಾರಗಳನ್ನು ಆಫೀಸಿನ ಉಸಿರುಗಟ್ಟುವ ಕೋಣೆಯಲ್ಲಿ ಮಾಡದೆ, ಗಾಲ್ಫ್ ಮೈದಾನದ ತಂಗಾಳಿಯಲ್ಲಿ ಮಾಡುತ್ತಿದ್ದರು. ಅವರ ಜೊತೆ ಆಡಿದವರ ಹೆಸರು ಮನೆಗೆ ಹೋಗುವವರ ಪಟ್ಟಿಯಲ್ಲಿ ಬಂದದ್ದೇ ಇಲ್ಲ. ಇಷ್ಟು ವರ್ಷ ಪ್ರೋಗ್ರಾಮಿಂಗ್ ಕಲಿತು ಹಾಳಾದೆನಲ್ಲ ಎನಿಸಿತು.

"ಎದುರುಮನೆ ಎಡ್ನಾ ಅಜ್ಜಿ ಗಾಲ್ಫ್ ಚಾಂಪಿಯನ್ ಆಗಿದ್ರಂತೆ ಕಣ್ರೀ. ಹೋಗಿ ಕೇಳಿ," ಎಂದಳು ಹೆಂಡತಿ.

ನನಗೆ ನಗು ಬಂತು. ತೊಂಬತ್ತರ ಹತ್ತಿರದ ಅವರಿಗೆ ಟಪಾಲು ಪೆಟ್ಟಿಗೆಯವರೆಗೆ ನಡೆಯಲು ಹತ್ತು ನಿಮಿಷ ಬೇಕಿತ್ತು. ಆದರೆ ಮಾತು ನಿಜ. ಹುಡುಗಿಯಾಗಿದ್ದಾಗ ಉದ್ದ ಲಂಗದಲ್ಲೇ ಆಡಿ ಹ್ಯೂಸ್ಟನ್, ಆಸ್ಟಿನ್‌ಗಳಿಂದ ಬೆಳ್ಳಿ ಕಪ್ಪುಗಳನ್ನು ಹೊತ್ತು ತಂದಿದ್ದರು. ಹೆಂಗಸರು ಆಡಬಾರದೆಂದು ಅಂದಿನ ಕ್ಲಬ್ಬಿನವರು ಯಾರೂ ಹೇಳುತ್ತಿರಲಿಲ್ಲವಂತೆ. ಗಂಡಸರು ಆಡಿ, ಉಂಡು, ಒಂದು ನಿದ್ದೆ ತೆಗೆದ ಮೇಲೆ ಧಾರಾಳವಾಗಿ ಆಡಬಹುದಿತ್ತಂತೆ. ಅವರು ಗೆದ್ದ ದಿನ ಪತ್ರಿಕೆಗಳೂ ತುಂಬಾ ಹೊಗಳಿದ್ದವು. ಅವರ ಟೋಪಿಯನ್ನು.

ಗಾಲ್ಫ್ ಕೋಲು ಮಾಡುವ ಕಂಪನಿಯೊಂದು ಕೋಲಿನ ಮೇಲೆ ಅವರ ಹೆಸರು ಅಚ್ಚುಹಾಕುತ್ತೇವೆ, ಹಣ ಕೊಡುತ್ತೇವೆ ಎಂದು ಬಂತು. ಆಟಕ್ಕೆ ಹಣ ಮುಟ್ಟಿದವರು ಅಮೆಚೂರ್ ಅಲ್ಲ, ಪ್ರೊಫೆಷನಲ್. ಅಜ್ಜಿ ಬೇಡವೆಂದರು, ಆಮೇಲೆ ಜೀವನವಿಡೀ ಶಾಲೆಯಲ್ಲಿ ಗಣಿತ ಕಲಿಸಿದರು. ಕಂಪನಿ ಅವರ ಕೈಯಲ್ಲಿ ಸೋತಿದ್ದ ಕ್ಲಬ್ ಕಾರ್ಯದರ್ಶಿಯ ಹೆಸರನ್ನೇ ಅಚ್ಚುಹಾಕಿ ಮಾರಿತು.

"ಕೋಲು ಚೆನ್ನಾಗೇ ಇತ್ತು," ಎಂದಿದ್ದರು ಅಜ್ಜಿ. "ನಾನೂ ಒಂದು ತಗೊಂಡೆ. ಹಿತ್ತಲಿಗೆ ಹಾವು ಬಂದಾಗ ಬೇಕಾಗುತ್ತೆ."

"ಹಣ ಯಾಕೆ ಬೇಡ ಅಂದ್ರಿ?"

"ಬರೀ ಇಷ್ಟ ಅಂತ ಮಾಡೋದು ಒಂದಾದ್ರೂ ಇರಲಿ ಅಂತ."

ಪಾಠ ಶನಿವಾರ ಬೆಳಿಗ್ಗೆ, ಅವರ ಮನೆಯ ಆಗಷ್ಟೇ ಕತ್ತರಿಸಿದ ಹುಲ್ಲಿನ ಮೇಲೆ. ಅವರು ಕುರ್ಚಿಯಲ್ಲಿ ಕೂತು ಊರುಗೋಲಿನಿಂದ ನನ್ನ ಬೆನ್ನಿಗೆ ತಿವಿಯುತ್ತಿದ್ದರು. "ಬೆನ್ನು ನೆಟ್ಟಗಿರಲಿ. ಲೆಕ್ಕವೂ ನೆಟ್ಟಗಿರಲಿ." ಮೂರು ತಿಂಗಳಲ್ಲಿ ನನ್ನ ಚೆಂಡು ಸರಿಸುಮಾರು ಮುಂದಕ್ಕೆ ಹೋಗಲು ಕಲಿಯಿತು.

ಮ್ಯಾನೇಜರ್ ಜೊತೆ ಆಡುವ ದಿನ ಬಂತು. ಅಂಕ ಬರೆಯುವ ಕೆಲಸ ನನ್ನದು. ಗಾಲ್ಫಿನಲ್ಲಿ ಹೊಡೆತ ಕಡಿಮೆಯಾದಷ್ಟೂ ಆಟ ಮೇಲು. ಒಂದು ಗುಂಡಿಗೆ ಅವರು, ಕೊಳಕ್ಕೆ ಬಿದ್ದದ್ದೂ ಸೇರಿ, ಏಳು ಹೊಡೆತ ಹೊಡೆದರು. "ಐದು ಹಾಕು," ಎಂದರು. ಹಾಕಿದೆ. ಅಷ್ಟು ಅಂದವಾದ ಐದನ್ನು ನಾನು ಪರೀಕ್ಷೆಯಲ್ಲೂ ಬರೆದಿರಲಿಲ್ಲ.

ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ. ಪಕ್ಕದ ಮೇಜಿನ ಸತೀಶನ ಹೆಸರಿತ್ತು. ಪಾಪ, ಅವನಿಗೆ ಗಾಲ್ಫ್ ಬರುತ್ತಿರಲಿಲ್ಲ, ಬರೀ ಕೆಲಸ ಬರುತ್ತಿತ್ತು. ಕೆಲಸದ ಜೊತೆ ವೀಸಾವೂ ಮುಗಿದು ಮೈಸೂರಿಗೆ ಹೊರಟುಹೋದ.

ನಾನು ಮೈಸೂರು ಪಾಕು ಹಿಡಿದು ಅಜ್ಜಿಯ ಮನೆಗೆ ಹೋಗಿ, ಎಲ್ಲವನ್ನೂ ತಮಾಷೆಯಾಗಿ ವರ್ಣಿಸಿದೆ. ಅವರು ನಗಲಿಲ್ಲ.

"ಅವನು ಹೊಡೆದದ್ದು ಎಷ್ಟು?"

"ಏಳು."

"ನೀನು ಬರೆದದ್ದು?"

"ಐದು."

ಬಾಯಲ್ಲಿದ್ದ ತುಂಡನ್ನು ನಿಧಾನವಾಗಿ ಮುಗಿಸಿದರು. "ಕಂಗ್ರಾಜುಲೇಷನ್ಸ್ ಮಗೂ. ನಾನು ಜೀವಮಾನದಲ್ಲಿ ಆಗದೇ ಇದ್ದದ್ದು ನೀನು ಒಂದೇ ಆಟದಲ್ಲಿ ಆಗಿಬಿಟ್ಟೆ. ಪ್ರೊಫೆಷನಲ್."

ಮುಂದಿನ ಬೇಸಿಗೆಯಲ್ಲಿ ತಂಗಿಯ ಮಗಳು ಅವರನ್ನು ಆಸ್ಟಿನ್‌ಗೆ ಕರೆದೊಯ್ದಳು. ಎರಡು ವರ್ಷಕ್ಕೆ ತೀರಿಕೊಂಡರೆಂದು ಕೇಳಿದೆ.

ಇವತ್ತು ಹುಲ್ಲಿನ ವಾಸನೆ ಬಂದಾಗ ಪ್ರತಿ ಸಲದಂತೆ ಕಿಟಕಿ ಮುಚ್ಚಲಿಲ್ಲ. ಎಷ್ಟೋ ವರ್ಷದಿಂದ ಮಾಡಬೇಕೆಂದುಕೊಂಡೇ ಇದ್ದ ಫೋನ್ ಮಾಡಿದೆ. ಆ ಐದರ ಕಥೆಯನ್ನು, ಈ ಸಲ ತಮಾಷೆಯಿಲ್ಲದೆ, ಸತೀಶನಿಗೆ ಪೂರ್ತಿ ಹೇಳಿದೆ.

"ನಂಗೆ ಅವತ್ತೇ ಗೊತ್ತಿತ್ತು ಕಣೋ," ಎಂದ. "ಇಡೀ ಆಫೀಸಿಗೇ ಗೊತ್ತಿತ್ತು. ಹೋಗ್ಲಿ, ಈಗಲಾದ್ರೂ ಗಾಲ್ಫ್ ಬರುತ್ತಾ?"

"ಇಲ್ಲ," ಎಂದೆ.

ಅವನು ನಕ್ಕ. ನನಗೆ ನಗಲು ಸ್ವಲ್ಪ ಹೊತ್ತು ಹಿಡಿಯಿತು.