ಅಕ್ಕಿ ಆರಿತು, ಹಕ್ಕಿ ಹಾರಿತು

ಮೊನ್ನೆ ಬೇಲಿಯಲ್ಲಿ ತೊಂಡೆಕಾಯಿ ಬಿಡಿಸುವಾಗ ಒಂದೆರಡು ಎಲೆ ಕೈಯಲ್ಲಿ ನುರಿದುಹೋದವು. ಆ ಹಸಿ ವಾಸನೆಗೆ ಮಲ್ಲಿಪಟ್ಟಣದ ಶಾಲೆ ಕಣ್ಣಮುಂದೆ ಬಂದು ನಿಂತಿತು. ಅಲ್ಲಿ ನಮ್ಮ ಮೇಷ್ಟ್ರು ಶನಿವಾರ ಬಂತೆಂದರೆ ತೊಂಡೆಸೊಪ್ಪು, ಇದ್ದಿಲು ಅರೆದು ಕರಿಹಲಗೆಗೆ ಬಳಿಯುತ್ತಿದ್ದರು...

ಎರಡನೇ ಮಹಾಯುದ್ಧಕ್ಕೆ ಮುಂಚಿನ ಮಾತು, ನಾನಾಗ ಚಿಕ್ಕ ಹುಡುಗಿ. ನನ್ನ ಕಷ್ಟವೆಲ್ಲ ಹಕಾರದ್ದು. ನಮ್ಮ ಮನೆಯಲ್ಲಿ ಹಾಲು ‘ಆಲು’, ಹೂವು ‘ಊವು’. ಬಾಯಿಗೆ ಬಂದ ಹಾಗೆಯೇ ಬರೆಯುತ್ತಿದ್ದೆ. ಒಂದು ದಿನ ಉಕ್ತಲೇಖನದಲ್ಲಿ ಮೇಷ್ಟ್ರು ‘ಹಕ್ಕಿ ಹಾರಿತು’ ಎಂದರೆ ನಾನು ‘ಅಕ್ಕಿ ಆರಿತು’ ಎಂದು ಬರೆದೆ. ಪಕ್ಕದವಳು ಅದನ್ನು ಗಟ್ಟಿಯಾಗಿ ಓದಿದಳು. ಎಲ್ಲರೂ ನಕ್ಕರು, ಮೇಷ್ಟ್ರು ಮಾತ್ರ ನಗಲಿಲ್ಲ.

“ಬಿಸಿಲಿಗೆ ಹರವಿದ ಅಕ್ಕಿ ಆರೋದಿಲ್ವೇನ್ರೋ? ಅದೂ ಮಾತೇ. ನಾನು ಹೇಳಿದ್ದು ಬೇರೆ, ಅಷ್ಟೆ,” ಎಂದರು.

ಆದರೂ ನಾಚಿಕೆ ತಡೆಯಲಾರದೆ ಮಾರನೆಯ ದಿನದಿಂದ ಶಾಲೆಗೆ ಹೋಗಲಿಲ್ಲ. ಅಪ್ಪ ನನ್ನನ್ನು ದನದ ಹಿಂದೆ ಕಳಿಸಿದ.

ವಾರ ಕಳೆಯುವುದರೊಳಗೆ ಮೇಷ್ಟ್ರೇ ಮನೆಗೆ ಬಂದರು.

“ಬುಟ್ಬುಡಿ ಸಾ, ಅದರ ತಲೆಗೆ ಅತ್ತಾಕಿಲ್ಲ,” ಎಂದ ಅಪ್ಪ.

ಮೇಷ್ಟ್ರು ವಾದಕ್ಕೆ ಹೋಗಲಿಲ್ಲ. ಅಂಗಳದಲ್ಲಿ ಅವ್ವ ರಾಗಿ ಕೇರುತ್ತಿದ್ದಳು. ಮೊರದಿಂದ ಒಂದು ಚಿಟಿಕೆ ಹೊಟ್ಟು ತೆಗೆದು ನನ್ನ ಅಂಗೈಯಲ್ಲಿಟ್ಟು, ಬಾಯಿಯ ಹತ್ತಿರ ಹಿಡಿಸಿದರು. ‘ಅ’ ಎಂದಾಗ ಹೊಟ್ಟು ಅಲ್ಲೇ ಇತ್ತು. ಎದೆಯಿಂದ ಉಸಿರು ಬಿಟ್ಟು ‘ಹ’ ಎಂದೆ. ಹೊಟ್ಟು ಹಾರಿ ಅವರ ರುಮಾಲಿನ ಮೇಲೆ ಕೂತಿತು! ನೋಡುತ್ತಿದ್ದ ಅಪ್ಪನಿಗೆ ತಡೆಯಲಾಗಲಿಲ್ಲ. ತಾನೂ ಅಂಗೈಗೆ ಹೊಟ್ಟು ಹಾಕಿಕೊಂಡು ‘ಹ’ ಎಂದ.

“ಆರೋಯ್ತು ಕಣಮ್ಮೀ!” ಎಂದು ಕೂಗಿದ.

ಆಗ ಮೇಷ್ಟ್ರು ನಕ್ಕರು. “ಮನೇಲಿ ಅಪ್ಪ ಅಂದಂಗೇ ಮಾತಾಡು ಮಗು, ಅದು ತಪ್ಪಲ್ಲ. ಬರೆಯೋವಾಗ ಮಾತ್ರ, ನಾನು ಹೇಳಿದ್ದನ್ನ ಒಂದ್ಸಲ ನಿನ್ನ ಅಂಗೈಗೆ ಹೇಳಿ ನೋಡ್ಕೋ.”

“ನಾಳೀಕೆ ಕಳುಸ್ತೀನಿ ಸಾ,” ಎಂದ ಅಪ್ಪ.

ಆ ವರ್ಷ ಇನ್‌ಸ್ಪೆಕ್ಟರ್ ಬಂದಾಗ ನನ್ನ ಸ್ಲೇಟಿನಲ್ಲಿ ಒಂದು ಹಕಾರವೂ ತಪ್ಪಿರಲಿಲ್ಲ. ಮುಂದೆ ಹಾಸನದಲ್ಲಿ ಓದಿದೆ, ಹೊಳೆನರಸೀಪುರದಲ್ಲಿ ನಾನೇ ಮೇಷ್ಟ್ರಮ್ಮನಾದೆ. ಆ ಸುದ್ದಿ ಹೇಳಲೆಂದು, ಮೇಷ್ಟ್ರಿಗೆ ವರ್ಗವಾಗಿದ್ದ ಚನ್ನರಾಯಪಟ್ಟಣಕ್ಕೆ ಬಸ್ಸು ಹತ್ತಿ ಹೋದೆ. ಅವರ ಹೆಂಡತಿ ಬಾಗಿಲು ತೆಗೆದರು. ಹಣೆಯಲ್ಲಿ ಕುಂಕುಮವಿರಲಿಲ್ಲ. ನಾನು ಯಾರೆಂದು ಹೇಳಿದ ಮೇಲೆ ಕೈಹಿಡಿದು ಒಳಗೆ ಕರೆದೊಯ್ದು, “ಉಂಡ್ಕೊಂಡು ಹೋಗಮ್ಮ,” ಎಂದರು. ಅವರು ಬಡಿಸಿದಷ್ಟನ್ನೂ ಉಂಡೆ...

ಈಗ ಮೇಷ್ಟ್ರು ಬದುಕಿದ್ದಕ್ಕಿಂತ ಹೆಚ್ಚು ವರ್ಷ ನಾನು ಬದುಕಿದ್ದೇನೆ. ನನ್ನಿಂದ ಅಕ್ಷರ ಕಲಿತವರಿಗೂ ಮೊಮ್ಮಕ್ಕಳಾಗಿದ್ದಾರೆ. ಅವರಲ್ಲಿ ಒಬ್ಬರಿಗೂ ನಮ್ಮ ಮೇಷ್ಟ್ರು ಯಾರೆಂದು ಗೊತ್ತಿಲ್ಲ.